19ನೇ ವಯಸ್ಸಿಗೆ ಬ್ಯಾಲೆ: ತಡವಾಯಿತಾ, ಮಂಡಿ ಯಾಕೆ ನೋಯುತ್ತದೆ?

ಪ್ರಶ್ನೆ: ನನಗೆ 19 ವರ್ಷ. ಕಾಲೇಜಿನಲ್ಲಿ ಎರಡನೇ ವರ್ಷ. ಈ ಸೆಮಿಸ್ಟರ್‌ನಲ್ಲಿ ಐಚ್ಛಿಕ ವಿಷಯವಾಗಿ ಆರಂಭಿಕರ ಬ್ಯಾಲೆ ತರಗತಿ ತೆಗೆದುಕೊಂಡಿದ್ದೇನೆ. ಇದುವರೆಗೆ ಯಾವ ನೃತ್ಯವನ್ನೂ ಕಲಿತವಳಲ್ಲ. ಬಗ್ಗಿ ಕಾಲ್ಬೆರಳು ಮುಟ್ಟಲೂ ಆಗುವುದಿಲ್ಲ. ಎರಡು ತರಗತಿ ಮುಗಿದಿವೆ, ಎಲ್ಲರಿಗಿಂತ ನಾನೇ ಹಿಂದೆ ಬಿದ್ದಿದ್ದೇನೆ ಅನಿಸುತ್ತಿದೆ. ಪಾದ ಹೊರಕ್ಕೆ ತಿರುಗಿಸಿ ನಿಂತರೆ ಮಂಡಿಯ ಒಳಬದಿ ನೋಯುತ್ತದೆ. ಈ ವಯಸ್ಸಿಗೆ ಶುರು ಮಾಡಿದ್ದು ತಡವಾಯಿತಾ? ಹಾಸ್ಟೆಲ್ ಕೋಣೆಯಲ್ಲಿ ಏನು ಅಭ್ಯಾಸ ಮಾಡಬಹುದು? ತುದಿಬೆರಳ ಮೇಲೆ ನಿಂತು ಕುಣಿಯುವ ಪಾಯಿಂಟ್ ಶೂ ಹಾಕುವುದು ಯಾವಾಗ? ಪರೀಕ್ಷೆ ಬಂದು ಒಂದೆರಡು ವಾರ ತಪ್ಪಿದರೆ ಕಲಿತದ್ದೆಲ್ಲ ಹೋಗುತ್ತದಾ?

ಉತ್ತರ: ಮಂಡಿಯಿಂದಲೇ ಶುರು ಮಾಡೋಣ. ನಿಮ್ಮ ಪತ್ರದಲ್ಲಿ ತುರ್ತಾಗಿ ಉತ್ತರ ಬೇಕಿರುವುದು ಅದೊಂದಕ್ಕೇ.

ಕಾಲು ಹೊರಕ್ಕೆ ತಿರುಗಿಸಿ ನಿಲ್ಲುವುದಕ್ಕೆ ಟರ್ನ್‌ಔಟ್ ಅನ್ನುತ್ತಾರೆ. ಕಣ್ಣಿಗೆ ಕಾಣುವುದು ಪಾದ. ಆದರೆ ತಿರುಗಬೇಕಾದದ್ದು ಸೊಂಟದ ಕೀಲು. ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಹೊರಕ್ಕೆ ಹೊರಳಬೇಕು. ಹಾಗೆ ಹೊರಳಿದಾಗ ತೊಡೆ, ಮಂಡಿ, ಪಾದ ಮೂರೂ ಒಟ್ಟಿಗೆ ಬರುತ್ತವೆ. ಹೊಸಬರು ಬಹಳ ಸಲ ಮಾಡುವುದು ಬೇರೆಯೇ. ಮಂಡಿ ಸ್ವಲ್ಪ ಬಗ್ಗಿಸುತ್ತಾರೆ. ಬಗ್ಗಿದ ಮಂಡಿ ಒಂದಷ್ಟು ತಿರುಗಲು ಬಿಡುತ್ತದೆ. ಆ ಸಲಿಗೆ ಬಳಸಿಕೊಂಡು ಎರಡೂ ಪಾದಗಳನ್ನು ಒಂದೇ ಗೆರೆಗೆ ಬರುವಷ್ಟು ಹೊರಕ್ಕೆ ಊರುತ್ತಾರೆ. ಆಮೇಲೆ ಮಂಡಿ ನೇರ ಮಾಡುತ್ತಾರೆ. ಪಾದ ನೆಲ ಕಚ್ಚಿಕೊಂಡಿದೆ, ತೊಡೆ ಅಷ್ಟು ತಿರುಗಿಲ್ಲ. ನಡುವೆ ಸಿಕ್ಕಿಕೊಂಡ ಮಂಡಿಯನ್ನು ಹಿಂಡಿದಂತಾಗುತ್ತದೆ. ನೋವು ಒಳಬದಿಯಲ್ಲೇ ಬರುವುದಕ್ಕೆ ಬಹುತೇಕ ಇದೇ ಕಾರಣ. ಜೊತೆಗೆ ಪಾದದ ಕಮಾನೂ ಕುಸಿದು, ಭಾರವೆಲ್ಲ ಹೆಬ್ಬೆರಳ ಕಡೆಗೆ ವಾಲುತ್ತದೆ. ಕನ್ನಡಿಯಲ್ಲಿ ನೋಡಿದರೆ ಕಣಕಾಲು ಒಳಕ್ಕೆ ಬಿದ್ದಂತೆ ಕಾಣಿಸುತ್ತದೆ.

ನಿಮ್ಮ ನಿಜವಾದ ಟರ್ನ್‌ಔಟ್ ಎಷ್ಟು ಅಂತ ಹೀಗೆ ನೋಡಿಕೊಳ್ಳಿ. ಪಾದಗಳನ್ನು ಜೋಡಿಸಿ, ಬೆರಳುಗಳು ನೇರ ಮುಂದಕ್ಕೆ ಇರುವಂತೆ ನಿಲ್ಲಿ. ಮಂಡಿ ನೇರ ಇರಲಿ. ಬೇಕಿದ್ದರೆ ಗೋಡೆ ಹಿಡಿದುಕೊಳ್ಳಿ. ಭಾರವನ್ನು ಹಿಮ್ಮಡಿಗೆ ತಂದು ಪಾದದ ಮುಂಭಾಗವನ್ನು ನೆಲದಿಂದ ಎತ್ತಿ. ಈಗ ತೊಡೆಗಳನ್ನು ಮೇಲಿನಿಂದ ಹೊರಕ್ಕೆ ತಿರುಗಿಸಿ, ಪಾದ ತಾನಾಗಿ ಜೊತೆಗೆ ಬರುತ್ತದೆ. ತಿರುಗುವುದು ನಿಂತ ಜಾಗದಲ್ಲಿ ಪಾದ ಕೆಳಗಿಡಿ. ಎರಡು ಪಾದಗಳ ನಡುವೆ ಎಷ್ಟು ಕೋನ ಬಂತೋ ಅದು ನಿಮ್ಮದು. 90 ಡಿಗ್ರಿ ಬಂದರೂ ಚೆನ್ನಾಗಿಯೇ ಕೆಲಸ ನಡೆಯುತ್ತದೆ. ಚಿತ್ರಗಳಲ್ಲಿ ನೋಡುವ 180 ಡಿಗ್ರಿ ಕೆಲವರಿಗೆ ಮಾತ್ರ ಒಲಿಯುವಂಥದ್ದು. ಸೊಂಟದ ಗುಳಿ ಎಷ್ಟು ಆಳ, ಅದು ಯಾವ ಕಡೆಗೆ ಮುಖ ಮಾಡಿದೆ ಎನ್ನುವುದು ಮೂಳೆಯ ವಿಷಯ. 19ಕ್ಕೆ ಬರುವಷ್ಟರಲ್ಲಿ ಅದರ ಆಕಾರ ಗಟ್ಟಿಯಾಗಿರುತ್ತದೆ. ಎಷ್ಟು ಎಳೆದರೂ ಬದಲಾಗುವುದಿಲ್ಲ. ಬದಲಾಗುವುದು ಏನೆಂದರೆ, ಇರುವ ಕೋನವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ. ಪೃಷ್ಠದ ಒಳಪದರದಲ್ಲಿ ಆರು ಚಿಕ್ಕ ಸ್ನಾಯುಗಳಿವೆ, ತೊಡೆಯನ್ನು ಹೊರಕ್ಕೆ ಹೊರಳಿಸುವ ಕೆಲಸ ಮುಖ್ಯವಾಗಿ ಅವುಗಳದ್ದು. ಅವನ್ನು ಯಾವ ವಯಸ್ಸಿನಲ್ಲೂ ಬಲಪಡಿಸಬಹುದು.

ಮುಂದಿನ ತರಗತಿಯಲ್ಲಿ ಆ ಕೋನದಲ್ಲೇ ನಿಂತು ಪ್ಲಿಯೆ ಮಾಡಿ ನೋಡಿ, ಅಂದರೆ ಮಂಡಿ ಬಗ್ಗಿಸಿ. ಮಂಡಿ ಎರಡನೇ ಬೆರಳಿನ ನೇರಕ್ಕೆ ಹೋದರೆ ಸರಿ. ಅದಕ್ಕಿಂತ ಒಳಕ್ಕೆ ಬಂದರೆ ಪಾದಗಳ ನಡುವಿನ ಕೋನವನ್ನು ಇನ್ನೂ ಸ್ವಲ್ಪ ಕಡಿಮೆ ಮಾಡಿ. ಇಷ್ಟು ಮಾಡಿದ ಮೇಲೂ ನೋವು ಉಳಿದರೆ, ಇಲ್ಲವೇ ಊದಿಕೊಂಡರೆ, ಶಿಕ್ಷಕರಿಗೆ ಹೇಳಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಮೀನಖಂಡ, ತೊಡೆ, ಪೃಷ್ಠದಲ್ಲಿ ಎರಡೂ ಕಡೆ ಸಮನಾಗಿ ಮಂದವಾಗಿ ನೋಯುವುದು ಬೇರೆ ವಿಷಯ. ಅದು ತರಗತಿ ಆದ ಮರುದಿನವೋ ಮೂರನೇ ದಿನವೋ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಹೊಸ ಕೆಲಸಕ್ಕೆ ಸ್ನಾಯು ಕೊಡುವ ಪ್ರತಿಕ್ರಿಯೆ ಅದು. ಕೀಲಿನಲ್ಲಿ, ಒಂದೇ ಕಡೆ, ಚುಚ್ಚಿದಂತೆ ಬರುವ ನೋವನ್ನು ಮಾತ್ರ ಸಹಿಸಿಕೊಂಡು ಮುಂದುವರಿಯಬೇಡಿ.

ಇನ್ನು ತಡವಾಯಿತಾ ಎಂಬ ಪ್ರಶ್ನೆ. ಇದನ್ನು ಕೇಳಿದವರಿಗೆ ಸಾಮಾನ್ಯವಾಗಿ ಎರಡು ಹೆಸರು ಹೇಳಿ ಸಮಾಧಾನ ಮಾಡುತ್ತಾರೆ. ಒಂದು, 1955ರಲ್ಲಿ 17ನೇ ವಯಸ್ಸಿಗೆ ಲೆನಿನ್‌ಗ್ರಾಡ್‌ನ ಬ್ಯಾಲೆ ಶಾಲೆ ಸೇರಿದ ರುಡಾಲ್ಫ್ ನುರೆಯೆವ್. ಇನ್ನೊಂದು, 13ಕ್ಕೆ ಶುರು ಮಾಡಿ 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಪ್ರಧಾನ ನರ್ತಕಿಯಾದ ಮಿಸ್ಟಿ ಕೋಪ್ಲಂಡ್. ನನಗೆ ಈ ಸಮಾಧಾನ ಅಷ್ಟು ಹಿಡಿಸುವುದಿಲ್ಲ. ನುರೆಯೆವ್ ಆ ಶಾಲೆಗೆ ಬರುವ ಮೊದಲೇ ವರ್ಷಗಟ್ಟಲೆ ಕುಣಿದವರು. ಅವರಿಬ್ಬರೂ ವೃತ್ತಿಯ ನರ್ತಕರು, ಅಪರೂಪದವರು. ನೀವು ಕೇಳುತ್ತಿರುವುದು ಅದಲ್ಲ ಅಲ್ವಾ? ವೃತ್ತಿ ನರ್ತಕಿಯಾಗಲು 19 ತಡ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬ್ಯಾಲೆ ಕಲಿಯಲು ತಡವಲ್ಲ. ಇದು ಎರಡೂ ಬೇರೆ ಬೇರೆ ಕೆಲಸ. ಎಂಟು ವರ್ಷದ ಮಗುವಿಗಿಂತ ನಿಮಗೆ ಕೆಲವು ಅನುಕೂಲವೂ ಇವೆ. ತೊಡೆಯನ್ನು ಮೇಲಿನಿಂದ ತಿರುಗಿಸು ಅಂದರೆ ಮಗುವಿಗೆ ತಿಳಿಯುವುದಿಲ್ಲ, ನಿಮಗೆ ತಿಳಿಯುತ್ತದೆ. ಒಂದು ತಿದ್ದುಪಡಿ ಹೇಳಿದರೆ ಅದನ್ನು ಮುಂದಿನ ವಾರದವರೆಗೆ ನೆನಪಿಟ್ಟುಕೊಂಡು ಬರಬಲ್ಲಿರಿ.

ಎಲ್ಲರಿಗಿಂತ ಹಿಂದೆ ಎಂದಿರಿ. ಕಾಲೇಜಿನ ಆರಂಭಿಕರ ತರಗತಿಯಲ್ಲಿ ನಿಜವಾದ ಹೊಸಬರ ಜೊತೆ, ಚಿಕ್ಕಂದಿನಲ್ಲಿ ಕೆಲವು ವರ್ಷ ಕಲಿತು ಬಿಟ್ಟವರೂ ಬಂದು ಸೇರಿಕೊಳ್ಳುತ್ತಾರೆ. ಹೆಜ್ಜೆಯ ಹೆಸರು ಕೇಳಿದ ತಕ್ಷಣ ಅವರ ಕಾಲು ಓಡುತ್ತದೆ. ಅವರನ್ನು ನೋಡಿ ಕುಗ್ಗುವ ಬದಲು ಬಳಸಿಕೊಳ್ಳಿ. ಬಾರ್‌ನಲ್ಲಿ, ಅಂದರೆ ಕೈಯೂರುವ ಆ ಕಂಬಿಯ ಪಕ್ಕ, ಕೊನೆಯಲ್ಲಿ ನಿಲ್ಲಬೇಡಿ. ನಾಚಿಕೆಯವರೆಲ್ಲ ಹಿಂದಿನ ಮೂಲೆ ಹಿಡಿಯುತ್ತಾರೆ. ಆದರೆ ಪ್ರತಿ ಅಭ್ಯಾಸವನ್ನೂ ಒಂದು ಬದಿ ಮುಗಿಸಿ, ತಿರುಗಿ ಇನ್ನೊಂದು ಬದಿ ಮಾಡುತ್ತಾರೆ. ಆಗ ಕೊನೆಯವರೇ ಮೊದಲಿಗರು! ಮುಂದೆ ನೋಡಿಕೊಂಡು ಮಾಡಲು ಯಾರೂ ಇರುವುದಿಲ್ಲ. ಮಧ್ಯದಲ್ಲಿ, ಹೆಜ್ಜೆ ಗೊತ್ತಿರುವವರೊಬ್ಬರು ಹಿಂದೆ, ಒಬ್ಬರು ಮುಂದೆ ಇರುವಂತೆ ಜಾಗ ಹಿಡಿಯಿರಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಮೊದಲ ಸೆಮಿಸ್ಟರ್‌ನಲ್ಲಿ ಹೊಸಬರ ಕಣ್ಣೆಲ್ಲ ಆಡುವ ಕಾಲಿನ ಮೇಲಿರುತ್ತದೆ: ಎಷ್ಟು ಎತ್ತರ ಹೋಯಿತು, ಬೆರಳು ಎಷ್ಟು ಚೂಪಾಯಿತು ಅಂತ. ಶಿಕ್ಷಕರ ಕಣ್ಣು ಇರುವುದು ನಿಂತ ಕಾಲಿನ ಮೇಲೆ. ಬಾರ್‌ನಲ್ಲಿ ಮಾಡುವ ಕೆಲಸದ ಬಹುಪಾಲು ಆ ಕಾಲಿಗಾಗಿಯೇ ಇದೆ.

ತಾಂದ್ಯು ಎಂಬ ಸರಳ ಅಭ್ಯಾಸವನ್ನೇ ನೋಡಿ. ಒಂದು ಕಾಲಿನ ಮೇಲೆ ನಿಂತು, ಇನ್ನೊಂದನ್ನು ನೆಲಕ್ಕೆ ಸವರುತ್ತಾ ಮುಂದಕ್ಕೆ ಚಾಚುವುದು, ಹಾಗೇ ವಾಪಸ್ ತರುವುದು. ಅಷ್ಟೇ. ಹೊರಗೆ ಹೋಗುವಾಗ ಮೊದಲು ಹಿಮ್ಮಡಿ ನೆಲ ಬಿಡುತ್ತದೆ, ಆಮೇಲೆ ಬೆರಳುಗಳ ಬುಡ ಬಿಡುತ್ತದೆ, ಕೊನೆಗೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಕೊಂಡಿರುತ್ತದೆ. ವಾಪಸ್ ಬರುವಾಗ ಇದೇ ದಾರಿ ತಲೆಕೆಳಗಾಗಿ: ತುದಿ, ಬುಡ, ಹಿಮ್ಮಡಿ. ಅಂಗಾಲು ನೆಲವನ್ನು ಒತ್ತಿ ಸವರಿದರೆ ಬಟ್ಟೆಯ ಶೂ ಸಣ್ಣಗೆ ಸರ್ ಎನ್ನುತ್ತದೆ. ಆ ಸದ್ದು ಬರದಿದ್ದರೆ ನೀವು ಕಾಲನ್ನು ಎತ್ತಿ ಇಡುತ್ತಿದ್ದೀರಿ. ಮುಂದಕ್ಕೆ ಹೋಗುವಾಗ ಹಿಮ್ಮಡಿ ಮುಂದಾಳು, ಬೆರಳು ಹಿಂದೆ ಬರಬೇಕು. ಇಲ್ಲದಿದ್ದರೆ ಟರ್ನ್‌ಔಟ್ ದಾರಿಯಲ್ಲೇ ಬಿಟ್ಟುಹೋಗುತ್ತದೆ. ಹಿಂದಕ್ಕೆ ಚಾಚುವಾಗ ಬೆರಳು ಮೊದಲು.

ಈಗ ನಿಂತ ಕಾಲಿಗೆ ಬನ್ನಿ. ಎರಡು ಕಾಲಿನ ಮೇಲಿದ್ದ ಭಾರ ಒಂದಕ್ಕೆ ಬರಬೇಕು. ಹೊಸಬರು ಆಗ ನಿಂತ ಕಾಲಿನ ಸೊಂಟದ ಮೇಲೆ ಕೂತುಬಿಡುತ್ತಾರೆ, ಬಸ್ಸಿಗೆ ಕಾದು ಕಾದು ಸುಸ್ತಾದವರು ನಿಲ್ಲುವ ಹಾಗೆ. ಬದಲಿಗೆ ಆ ಬದಿಯ ಸೊಂಟ ಮೇಲಕ್ಕೆ ಏರಿದೆ, ಅಂಗಾಲು ನೆಲ ಒತ್ತಿದೆ ಅನಿಸಬೇಕು. ಪರೀಕ್ಷೆ ಸುಲಭ. ತಾಂದ್ಯುವಿನಲ್ಲಿ ಚಾಚಿದ ಕಾಲನ್ನು ಅಲ್ಲಿಂದಲೇ ಒಂದು ಇಂಚು ಮೇಲಕ್ಕೆತ್ತಿ. ಮೈ ಸ್ವಲ್ಪವೂ ಅಲುಗದೆ ಎತ್ತಲು ಬಂದರೆ ಭಾರ ಸರಿಯಾದ ಕಡೆ ಇದೆ. ಎತ್ತುವ ಮೊದಲು ಮೈ ಓಲಾಡಿದರೆ ಅರ್ಧ ಭಾರ ಆ ಬೆರಳ ತುದಿಯ ಮೇಲೇ ಇತ್ತು. ಇನ್ನೊಂದು ಪರೀಕ್ಷೆ ಕೈಯದು. ಬಾರ್ ಮೇಲಿನ ಬೆರಳುಗಳನ್ನು ಯಾವುದೇ ಕ್ಷಣದಲ್ಲಿ ಎತ್ತಿದರೂ ಬೀಳಬಾರದು. ಬಾರನ್ನು ಹಿಡಿದು ಜಗ್ಗುವವರು ಬಾರ್ ಬಿಟ್ಟು ನಡುಕೋಣೆಗೆ ಬಂದ ಕೂಡಲೇ ತತ್ತರಿಸುತ್ತಾರೆ. ಯಾಕೆಂದರೆ ಅಲ್ಲಿಯವರೆಗೆ ನಿಂತದ್ದು ಕಾಲಲ್ಲ, ಕೈ.

ಮುಂದೆ ಬರುವ ಎಲ್ಲದಕ್ಕೂ ಇದೇ ತಳಹದಿ. ತುದಿಗಾಲಿನ ಮೇಲೆ ಏಳುವ ರೆಲವೆ, ಒಂಟಿಕಾಲಿನ ಮೇಲೆ ಸುತ್ತುವ ಪಿರುಯೆಟ್, ನೆಗೆದು ಒಂದೇ ಕಾಲಿನ ಮೇಲೆ ಇಳಿಯುವುದು, ಯಾವುದೇ ತೆಗೆದುಕೊಳ್ಳಿ, ನಿಂತ ಕಾಲು ಗಟ್ಟಿ ಇಲ್ಲದಿದ್ದರೆ ಒಂದೂ ಬರುವುದಿಲ್ಲ. ಹಾಗಾಗಿ ಪಕ್ಕದವಳ ಕಾಲು ಸೊಂಟದವರೆಗೆ ಹೋಗಿ ನಿಮ್ಮದು ಮಂಡಿಯವರೆಗೆ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಅವಳ ನಿಂತ ಮಂಡಿ ಬಗ್ಗಿದೆಯಾ, ಸೊಂಟ ವಾರೆಯಾಗಿದೆಯಾ ನೋಡಿ. ಎರಡೂ ನೇರವಿದ್ದು ಕಾಲು ಕೆಳಗಿರುವುದನ್ನೇ ನಾನು ಸರಿ ಅನ್ನುತ್ತೇನೆ.

ತರಗತಿಯ ಕ್ರಮ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಬಾರ್‌ನಲ್ಲಿ ಪ್ಲಿಯೆಯಿಂದ ಶುರುವಾಗಿ, ತಾಂದ್ಯು, ಕಾಲಿನಿಂದ ನೆಲದ ಮೇಲೆ ಅರ್ಧವೃತ್ತ ಎಳೆಯುವ ರೊಂದ್ ದ ಜಾಂಬ್, ಹೀಗೆ ಚಿಕ್ಕದರಿಂದ ದೊಡ್ಡದಕ್ಕೆ ಹೋಗಿ, ಕಾಲು ಬೀಸುವ ಗ್ರಾಂ ಬಾತ್ಮಾಂಗೆ ಮುಗಿಯುತ್ತದೆ. ಆಮೇಲೆ ಬಾರ್ ಬಿಟ್ಟು ನಡುಕೋಣೆಯಲ್ಲಿ ಕೈ ಚಲನೆ, ನಿಧಾನ ಗತಿಯ ಭಾಗ, ಸುತ್ತು, ಚಿಕ್ಕ ನೆಗೆತ. ಕೊನೆಗೆ ಕೋಣೆಯ ಈ ತುದಿಯಿಂದ ಆ ತುದಿಗೆ ಸಾಗುವ ದೊಡ್ಡ ಹೆಜ್ಜೆಗಳು. ಶಿಕ್ಷಕರಿಗೂ ಪಿಯಾನೋದವರು ಇದ್ದರೆ ಅವರಿಗೂ ವಂದಿಸಿ ಮುಗಿಸುತ್ತಾರೆ. ಈ ವಿದ್ಯೆಗೆ ಶಿಸ್ತು ಕಟ್ಟಿಕೊಟ್ಟದ್ದು ಫ್ರಾನ್ಸಿನ ಆಸ್ಥಾನ. 14ನೇ ಲೂಯಿ 1661ರಲ್ಲಿ ನೃತ್ಯಕ್ಕೇ ಒಂದು ಅಕಾಡೆಮಿ ತೆರೆದ. ಪಾದಗಳ ಐದು ಸ್ಥಾನಗಳನ್ನು ಗೊತ್ತುಮಾಡಿದ್ದು ಅವನ ನೃತ್ಯಗುರು ಪಿಯೆರ್ ಬೋಶಾಂ ಎನ್ನುತ್ತಾರೆ. ಹೆಸರುಗಳೆಲ್ಲ ಫ್ರೆಂಚ್ ಆಗಿರುವುದು ಅದಕ್ಕೇ. ಅವು ಮೊದಲು ಗೋಜಲು ಅನಿಸುತ್ತವೆ. ಆದರೆ ಒಮ್ಮೆ ಕಲಿತರೆ ಯಾವ ದೇಶದ ತರಗತಿಗೆ ಹೋದರೂ ಅದೇ ಹೆಸರು.

ನಿಮಗೆ ಹಿಂದೆ ಬಿದ್ದೆ ಅನಿಸಲು ದೇಹಕ್ಕಿಂತ ನೆನಪು ಕಾರಣವಿರಬಹುದು. ಶಿಕ್ಷಕರು ಒಮ್ಮೆ ಮಾಡಿ ತೋರಿಸುತ್ತಾರೆ, ಸಂಗೀತ ಶುರುವಾಗುತ್ತದೆ, ನಿಮಗೆ ಎರಡನೇ ಎಂಟಕ್ಕೇ (ಸಂಗೀತವನ್ನು ಎಂಟೆಂಟಾಗಿ ಎಣಿಸುತ್ತಾರೆ) ಮರೆತುಹೋಗುತ್ತದೆ. ಹೊಸಬರೆಲ್ಲರಿಗೂ ಇದೇ ಪಾಡು. ಒಂದೊಂದು ಹೆಜ್ಜೆಯನ್ನೂ ಬಿಡಿಬಿಡಿಯಾಗಿ ನೆನಪಿಡಲು ಹೋಗಬೇಡಿ. ನಮೂನೆ ಹುಡುಕಿ. ಬಾರ್‌ನ ಬಹಳಷ್ಟು ಅಭ್ಯಾಸಗಳು ಮುಂದೆ, ಪಕ್ಕ, ಹಿಂದೆ, ಮತ್ತೆ ಪಕ್ಕ ಎಂಬ ಕ್ರಮದಲ್ಲೇ ಇರುತ್ತವೆ. ಒಂದು ದಿಕ್ಕಿನಲ್ಲಿ ಏನಾಗುತ್ತದೆ ಅಂತ ಹಿಡಿದುಕೊಂಡರೆ ಉಳಿದ ಮೂರು ಪುಕ್ಕಟೆ. ಶಿಕ್ಷಕರು ತೋರಿಸುವಾಗ ನಿಂತಲ್ಲೇ ಅಂಗೈಗಳನ್ನೇ ಪಾದಗಳಂತೆ ಆಡಿಸಿ ಗುರುತು ಹಾಕಿಕೊಳ್ಳಿ. ಪಳಗಿದ ನರ್ತಕರೂ ಮಾಡುವುದು ಇದನ್ನೇ. ಮೊದಲು ಕಾಲು ಕಲಿಯಿರಿ, ಕೈ ಆಮೇಲೆ ಸೇರಿಸಿ, ತಲೆಯ ದಿಕ್ಕು ಕೊನೆಗೆ. ಮಧ್ಯೆ ತಪ್ಪಿದರೆ ಅಟ್ಟಿಸಿಕೊಂಡು ಹೋಗಬೇಡಿ. ನಿಂತು, ಮುಂದಿನ ಎಂಟರ ಒಂದಕ್ಕೆ ಸೇರಿಕೊಳ್ಳಿ. ತರಗತಿ ಮುಗಿದ ಮೇಲೆ ಹೊಸ ಹೆಸರುಗಳನ್ನೂ, ನಿಮಗೆ ಹೇಳಿದ ಒಂದು ತಿದ್ದುಪಡಿಯನ್ನೂ ಬರೆದಿಟ್ಟುಕೊಳ್ಳಿ. ನೋಟ್ಸ್ ಬರೆಯುವ ಅಭ್ಯಾಸ ಹೇಗೂ ಇದೆಯಲ್ಲ. ಅಂದಹಾಗೆ, ಶಿಕ್ಷಕರು ನಿಮ್ಮನ್ನು ತಿದ್ದಿದರೆ ಅದನ್ನು ಬೈಗುಳ ಅಂದುಕೊಳ್ಳಬೇಡಿ. ಬ್ಯಾಲೆ ಕೋಣೆಯಲ್ಲಿ ತಿದ್ದುವುದೇ ಗಮನ ಕೊಡುವ ಬಗೆ. ಕೈಯಿಂದ ಮುಟ್ಟಿ ತಿದ್ದುವುದು ನಿಮಗೆ ಬೇಡವೆಂದರೆ ಮೊದಲೇ ಹೇಳಿಬಿಡಿ. ಒಳ್ಳೆಯ ಶಿಕ್ಷಕರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾಲ್ಬೆರಳು ಮುಟ್ಟಲು ಆಗದಿರುವುದು ತೊಡೆಯ ಹಿಂಬದಿಯ ಸ್ನಾಯುವಿನ ಬಿಗಿತ. ಕೂತು ಓದುವವರಲ್ಲಿ ಇದು ತುಂಬಾ ಸಾಮಾನ್ಯ. ಈ ಸೆಮಿಸ್ಟರ್‌ನ ಯಾವ ಅಭ್ಯಾಸಕ್ಕೂ ಅದು ಅಡ್ಡಿಯಲ್ಲ. ಎಳೆತದ ವ್ಯಾಯಾಮ ಮಾಡುವುದಿದ್ದರೆ ತರಗತಿ ಮುಗಿದ ಮೇಲೆ, ಮೈ ಬಿಸಿಯಿರುವಾಗ, ಒಂದೊಂದನ್ನು 30 ಸೆಕೆಂಡ್ ಹಿಡಿದು ಮಾಡಿ. ತಣ್ಣನೆಯ ಮೈಯಲ್ಲಿ ತರಗತಿಗೆ ಮುಂಚೆ ಬಹಳ ಹೊತ್ತು ಎಳೆದು ಕೂತರೆ ಸ್ನಾಯುವಿನ ಬಲ ಆ ಹೊತ್ತಿಗೆ ಸ್ವಲ್ಪ ಕಡಿಮೆಯಾಗುತ್ತದೆ. ಅದರ ಬದಲು ಹತ್ತು ನಿಮಿಷ ಮುಂಚೆ ಬಂದು ಬಿರುಸಾಗಿ ನಡೆದಾಡಿ, ಕಣಕಾಲು ತಿರುಗಿಸಿ. ಅಷ್ಟು ಸಾಕು.

ಬಟ್ಟೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪಠ್ಯವಿವರದಲ್ಲಿ ಲಿಯೊಟಾರ್ಡ್ (ಮೈಗೆ ಅಂಟುವ ಒಂದೇ ತುಂಡಿನ ಉಡುಪು), ಟೈಟ್ಸ್ ಕಡ್ಡಾಯ ಅಂತ ಇದ್ದರೆ ಅದೇ. ಇಲ್ಲದಿದ್ದರೆ ಮೈಗೆ ಅಂಟುವ ಟೀ ಶರ್ಟ್, ಲೆಗ್ಗಿಂಗ್ಸ್ ನಡೆಯುತ್ತದೆ. ಮಂಡಿ ಮತ್ತು ಸೊಂಟದ ಗೆರೆ ಶಿಕ್ಷಕರಿಗೆ ಕಾಣಬೇಕು, ಅಷ್ಟೇ. ಕೂದಲು ಬಿಗಿಯಾಗಿ ಕಟ್ಟಿ. ಶೂ ಕಾಲುಚೀಲದ ಹಾಗೆ ಬಿಗಿಯಾಗಿರಬೇಕು, ಆದರೆ ಬೆರಳು ಮಡಚಿಕೊಳ್ಳಬಾರದು. ಮುಂದೆ ಬೆಳೆಯಲಿ ಅಂತ ದೊಡ್ಡದು ತಂದರೆ ಬಟ್ಟೆ ಸುಕ್ಕಾಗಿ ಪಾದವೇ ಕಾಣುವುದಿಲ್ಲ. ಶೂವಿನ ದಾರದ ತುದಿಯನ್ನು ಒಳಕ್ಕೆ ಸಿಕ್ಕಿಸಿ.

ಹಾಸ್ಟೆಲ್ ಕೋಣೆಯಲ್ಲಿ ನೆಗೆಯಬೇಡಿ. ನೃತ್ಯದ ಕೋಣೆಯ ಮರದ ನೆಲದ ಕೆಳಗೆ ಏಟು ಹೀರಿಕೊಳ್ಳುವ ವ್ಯವಸ್ಥೆ ಇರುತ್ತದೆ. ಕಾಂಕ್ರೀಟಿನ ಮೇಲೆ ಹಾಕಿದ ಟೈಲ್ಸ್‌ಗೆ ಅದಿಲ್ಲ, ಏಟೆಲ್ಲ ಮೊಣಕಾಲಿನ ಕೆಳಮೂಳೆಗೆ ಹೋಗುತ್ತದೆ. ಪಾದವನ್ನು ಮಂಚದ ಅಡಿಗೆ ಸಿಕ್ಕಿಸಿ ಬಾಗಿಸುವ ವಿಡಿಯೋಗಳೂ ಓಡಾಡುತ್ತಿವೆ. ಅದನ್ನು ಖಂಡಿತ ಮಾಡಬೇಡಿ. ಮಾಡಬಹುದಾದದ್ದು ಇಷ್ಟು. ಹಲ್ಲುಜ್ಜುವಾಗ ಒಂಟಿಕಾಲಿನ ಮೇಲೆ ನಿಲ್ಲಿ, ಸೊಂಟ ಜಾರದಂತೆ. ಅದು ಸುಲಭವಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ, ಹತ್ತಿರ ಹಿಡಿದುಕೊಳ್ಳಲು ಏನಾದರೂ ಇರಲಿ. ಕುರ್ಚಿಯ ಬೆನ್ನು ಹಗುರಾಗಿ ಮುಟ್ಟಿಕೊಂಡು ನಿಧಾನವಾಗಿ ತುದಿಗಾಲಿಗೆ ಏಳಿ, ಏಳುವುದಕ್ಕಿಂತ ನಿಧಾನವಾಗಿ ಇಳಿಯಿರಿ. ಪಕ್ಕಕ್ಕೆ ಮಲಗಿ, ಮಂಡಿ ಮಡಚಿ, ಹಿಮ್ಮಡಿಗಳನ್ನು ಜೋಡಿಸಿಟ್ಟು, ಮೇಲಿನ ಮಂಡಿಯನ್ನಷ್ಟೇ ಎತ್ತಿ ಇಳಿಸಿ. ಸೊಂಟ ಹಿಂದಕ್ಕೆ ಉರುಳಬಾರದು. ಟರ್ನ್‌ಔಟ್ ಹಿಡಿದಿಡುವ ಸ್ನಾಯುಗಳಿಗೆ ಇದು ನೇರ ಕೆಲಸ. ತಾಂದ್ಯು ಕೂಡ ಮಾಡಬಹುದು, ಕಾಲುಚೀಲ ಹಾಕಿಕೊಂಡು, ಜಾರದಂತೆ ಎಚ್ಚರವಿಟ್ಟು.

ಪಾಯಿಂಟ್ ಶೂ ವಿಚಾರದಲ್ಲಿ ಉತ್ತರ ಚಿಕ್ಕದು: ಈ ಸೆಮಿಸ್ಟರ್ ಅಲ್ಲ, ಮುಂದಿನದೂ ಅಲ್ಲ. 1832ರಲ್ಲಿ ಪ್ಯಾರಿಸ್‌ನಲ್ಲಿ ಮರೀ ತಾಲಿಯೋನಿ ತುದಿಬೆರಳ ಮೇಲೆ ಕುಣಿದು ಹೆಸರಾದಾಗಿನಿಂದ ಬ್ಯಾಲೆ ಎಂದರೆ ಅದೇ ಎಂಬ ಚಿತ್ರ ನಿಂತುಬಿಟ್ಟಿದೆ. ಆ ಶೂವಿನ ತುದಿ ಬಟ್ಟೆ, ಕಾಗದ, ಅಂಟಿನ ಪದರಗಳಿಂದ ಗಟ್ಟಿ ಮಾಡಿದ್ದು. ಆದರೆ ಮೈಭಾರ ಹೊರುವುದು ಶೂ ಅಲ್ಲ, ನಿಮ್ಮ ಕಣಕಾಲು ಮತ್ತು ಪಾದದ ಚಿಕ್ಕ ಸ್ನಾಯುಗಳು. ವಾರಕ್ಕೆ ಒಂದಕ್ಕಿಂತ ಜಾಸ್ತಿ ತರಗತಿ, ಅದೂ ಕೆಲವು ವರ್ಷ ಬಿಡದೆ ಮಾಡಿದ ಮೇಲೆ ಶಿಕ್ಷಕರು ಒಂಟಿಕಾಲಿನ ರೆಲವೆ ನೋಡಿ ಹೇಳುತ್ತಾರೆ. ದೊಡ್ಡವರಾದ ಮೇಲೆ ಶುರು ಮಾಡಿ ಅಲ್ಲಿಗೆ ತಲುಪಿದವರು ಇದ್ದಾರೆ. ತಲುಪದೆಯೇ ಚೆನ್ನಾಗಿ ಕುಣಿಯುವವರು ಅವರಿಗಿಂತ ಜಾಸ್ತಿ ಇದ್ದಾರೆ. ಕುತೂಹಲಕ್ಕೆಂದು ಸುಮ್ನೆ ಒಂದು ಜೊತೆ ತರಿಸಿ ಕೋಣೆಯಲ್ಲಿ ಹಾಕಿ ನೋಡಬೇಡಿ.

ಪರೀಕ್ಷೆಗೆಂದು ಎರಡು ವಾರ ತಪ್ಪಿದರೆ ಕಲಿತದ್ದು ಹೋಗುವುದಿಲ್ಲ. ಹೆಸರುಗಳು ಸ್ವಲ್ಪ ಮಸುಕಾಗುತ್ತವೆ, ಬರೆದಿಟ್ಟದ್ದನ್ನು ಒಮ್ಮೆ ಓದಿಕೊಳ್ಳಿ. ಆದರೆ ಕಾಲೇಜಿನ ನೃತ್ಯ ತರಗತಿಗಳಲ್ಲಿ ಅಂಕಕ್ಕೆ ಹಾಜರಾತಿ ಮುಖ್ಯವಾಗಿರುವುದುಂಟು, ನಿಮ್ಮದರ ನಿಯಮ ಏನೆಂದು ಈಗಲೇ ನೋಡಿಟ್ಟುಕೊಳ್ಳಿ. ನೋವಿದ್ದು ಮಾಡಲಾಗದ ದಿನ ಪಕ್ಕದಲ್ಲಿ ಕೂತು ನೋಡಿ ಬರೆದುಕೊಂಡರೆ ಹಾಜರಿ ಕೊಡುತ್ತಾರಾ ಎಂದೂ ಕೇಳಿ, ಎಷ್ಟೋ ಕಡೆ ಕೊಡುತ್ತಾರೆ. ಬಿಡುವಿನ ನಂತರ ಬಂದ ಮೊದಲ ದಿನ ಬಾರ್ ಪೂರ್ತಿ ಮಾಡಿ. ನೆಗೆತದ ಹೊತ್ತಿಗೆ ಶಿಕ್ಷಕರಿಗೆ ಹೇಳಿ, ಅರ್ಧದಷ್ಟು ಮಾಡಿ ಪಕ್ಕಕ್ಕೆ ಸರಿಯಿರಿ. ಅದರ ಮುಂದಿನ ತರಗತಿಗೆ ಎಲ್ಲರ ಜೊತೆ ಪೂರ್ತಿ ಸೇರಿಕೊಳ್ಳಬಹುದು.